ಮುದ್ದೆಯ ತೂಕ, ಹಿಟ್ಟಿನ ತೂಕ
ಶ್ರೀನಿವಾಸಪುರದ ಕಡೆಯ ನಮ್ಮ ಹಳ್ಳಿಯಿಂದ ಆಹಾರ ಮತ್ತು ಪೋಷಣಾ ವಿಜ್ಞಾನದ ಎಂಎಸ್ಸಿಗೆ ಸೇರಿದಾಗ, ಅಡುಗೆ ಕಲಿಯಲು ಅಷ್ಟು ದೊಡ್ಡ ಓದು ಬೇಕೆ ಎಂದು ನೆಂಟರೊಬ್ಬರು ಕೇಳಿದ್ದರು. ಮೊದಲ ಸೆಮಿಸ್ಟರಿನಲ್ಲಿ ಒಲೆಯ ಮುಖವನ್ನೇ ನೋಡಲಿಲ್ಲ. ಒಂದು ಚಿಟಿಕೆ ರಾಗಿ ಹಿಟ್ಟನ್ನು ಸಾಂದ್ರ ಗಂಧಕಾಮ್ಲದಲ್ಲಿ ಹಾಕಿ, ಕಪ್ಪಗೆ ನೊರೆಯೇಳುವ ದ್ರವ ತಿಳಿಯಾಗುವವರೆಗೂ ಗಂಟೆಗಟ್ಟಲೆ ಕಾಯಿಸಿ, ಸಿಕ್ಕ ಸಾರಜನಕವನ್ನು 6.25ರಿಂದ ಗುಣಿಸಿದರೆ ಪ್ರೋಟೀನು. 1883ರಲ್ಲಿ ಡೆನ್ಮಾರ್ಕಿನ ರಸಾಯನಶಾಸ್ತ್ರಜ್ಞ ಕೆಲ್ಡಾಲ್ ಪ್ರಕಟಿಸಿದ ಈ ವಿಧಾನವನ್ನು ಇಂದಿಗೂ ಪ್ರಯೋಗಾಲಯದಲ್ಲಿ ಮಾಡಿಸುತ್ತಾರೆ.

ನಾನು ಎಡವಿದ್ದು ಮಾತ್ರ ಪ್ರಯೋಗಾಲಯದಲ್ಲಲ್ಲ, ಆಹಾರ ಸಮೀಕ್ಷೆಯಲ್ಲಿ. ಹಿಂದಿನ 24 ಗಂಟೆಗಳಲ್ಲಿ ಏನೇನು ಉಂಡಿರಿ, ಎಷ್ಟೆಷ್ಟು ಉಂಡಿರಿ ಎಂದು ಮನೆ ಮನೆಯಲ್ಲಿ ಕೇಳಿ ಬರೆದುಕೊಳ್ಳುವ ಕೆಲಸವದು. ಒಂದು ಮುದ್ದೆಯನ್ನು ತೂಗಿದಾಗ 310 ಗ್ರಾಂ ಬಂದಿತ್ತು. ದಿನಕ್ಕೆ ಎರಡು ಮುದ್ದೆಯೆಂದು 620 ಗ್ರಾಂ ರಾಗಿಯ ಲೆಕ್ಕ ಹಾಕಿಬಿಟ್ಟೆ. ಹೈದರಾಬಾದಿನ ರಾಷ್ಟ್ರೀಯ ಪೋಷಣಾ ಸಂಸ್ಥೆಯ 2017ರ ಆಹಾರ ಸಂಯೋಜನೆಯ ಕೋಷ್ಟಕದಲ್ಲಿ 100 ಗ್ರಾಂ ರಾಗಿಗೆ 364 ಮಿಲಿಗ್ರಾಂ ಕ್ಯಾಲ್ಸಿಯಂ ಇದೆ. ಹಾಗಾಗಿ ನನ್ನ ಹಾಳೆಯಲ್ಲಿ ಒಬ್ಬೊಬ್ಬರಿಗೂ ದಿನಕ್ಕೆ 2,257 ಮಿಲಿಗ್ರಾಂ ಬಂತು. ಅದನ್ನು ನೋಡಿದ ಮೇಷ್ಟ್ರು, ಇವರೇನು ಸುಣ್ಣ ಉಣ್ಣುತ್ತಾರೆಯೇ ಎಂದು ಕೇಳಿ ಹಾಳೆಯನ್ನು ಹಿಂದಿರುಗಿಸಿದರು.

ಕೋಷ್ಟಕದ ಅಂಕಿ ಹಸಿ ಧಾನ್ಯದ್ದು, ನಾನು ತೂಗಿದ್ದು ನೀರು ಕುಡಿದ ಮುದ್ದೆಯನ್ನು. ಆ ವಾರ ಊರಿಗೆ ಹೋಗಿ, ಎಸರಿಡುವ ಮೊದಲೇ ಅಮ್ಮನಿಂದ ಹಿಟ್ಟಿನ ಪಾತ್ರೆ ತೆಗೆದುಕೊಂಡು ತೂಗಿದೆ. ಅರ್ಧ ಕೆಜಿ ಹಿಟ್ಟಿಗೆ, ಹಿಟ್ಟಿನ ಕೋಲಿನಿಂದ ತೊಳಸಿ ಕಟ್ಟಿದ ಮೇಲೆ, 1,550 ಗ್ರಾಂ ಮುದ್ದೆಯಾಯಿತು. ತಕ್ಕಡಿಯ ಮೇಲೆ ಅನ್ನವಿಟ್ಟು ನೋಡುವುದು ಅಮ್ಮನಿಗೆ ಅಷ್ಟು ಹಿಡಿಸಲಿಲ್ಲ. ಬಿಸಿ ಆರುತ್ತದೆ, ಬೇಗ ಮುಗಿಸು ಎಂದರು. 310 ಗ್ರಾಂ ಮುದ್ದೆಯಲ್ಲಿ ಇರುವುದು 100 ಗ್ರಾಂ ಹಿಟ್ಟು, ಎರಡು ಮುದ್ದೆಗೆ 728 ಮಿಲಿಗ್ರಾಂ ಕ್ಯಾಲ್ಸಿಯಂ.

ನಿಜವಾದ ಓದು ಶುರುವಾದದ್ದು ಈ 728ರಿಂದಲೇ. ವಯಸ್ಕರಿಗೆ ದಿನಕ್ಕೆ ಬೇಕಾದ ಕ್ಯಾಲ್ಸಿಯಂ 600 ಮಿಲಿಗ್ರಾಂ ಎಂದು ಭಾರತೀಯ ವೈದ್ಯಕೀಯ ಸಂಶೋಧನಾ ಮಂಡಳಿಯ 2010ರ ಶಿಫಾರಸು ಹೇಳಿತ್ತು, 2020ರಲ್ಲಿ ಅದು 1,000ಕ್ಕೆ ಏರಿತು. ಅದೇ ತಟ್ಟೆ ಒಂದು ಲೆಕ್ಕದಲ್ಲಿ ಸಾಕು, ಇನ್ನೊಂದು ಲೆಕ್ಕದಲ್ಲಿ ಸಾಲದು. ಅದೂ ಅಲ್ಲದೆ ರಾಗಿಯಲ್ಲಿ ಸಹಜವಾಗಿಯೇ ಇರುವ ಫೈಟೇಟ್ ಎಂಬ ರಾಸಾಯನಿಕ ಕ್ಯಾಲ್ಸಿಯಮ್ಮನ್ನು ಹಿಡಿದಿಟ್ಟುಕೊಳ್ಳುವುದರಿಂದ ತಿಂದದ್ದೆಲ್ಲ ಮೈಗೆ ಹತ್ತುವುದಿಲ್ಲ. ರಾಗಿಯನ್ನು ನೆನೆಸಿ, ಬಟ್ಟೆಯಲ್ಲಿ ಕಟ್ಟಿ ಮೊಳಕೆ ಬರಿಸಿದರೆ ಫೈಟೇಟ್ ಕಡಿಮೆಯಾಗುತ್ತದೆ ಎಂದು ತರಗತಿಯಲ್ಲಿ ಬರೆದುಕೊಳ್ಳುವಾಗ, ಕೂಸಿಗೆ ರಾಗಿ ಸರಿ ಮಾಡಲು ಅಜ್ಜಿ ಕಟ್ಟಿಡುತ್ತಿದ್ದ ಒದ್ದೆ ಗಂಟೇ ಕಣ್ಣ ಮುಂದೆ ಬಂತು.

ಹಳೆಯ ಹಾಳೆಗಳನ್ನೆಲ್ಲ ಹೊಡೆದು ಹಾಕಿ ಸಮೀಕ್ಷೆಯನ್ನು ಮೊದಲಿನಿಂದ ಮಾಡಿದೆ. ಗಟ್ಟಿ ಮುದ್ದೆ ಕಟ್ಟುವ ಮನೆಗೂ ಮೆತ್ತಗೆ ಕಟ್ಟುವ ಮನೆಗೂ ನೀರಿನ ಪ್ರಮಾಣ ಬೇರೆಯಾದ್ದರಿಂದ, ಎರಡನೆಯ ಸಲ ಪ್ರತಿ ಮನೆಯಲ್ಲೂ ಎಸರು ಕುದಿಯುವ ಮೊದಲೇ ತಕ್ಕಡಿ ಹಿಡಿದು ಕೂತಿದ್ದೆ.