ಸ್ಟಂಪ್ ಗ್ರೈಂಡರ್: ಚಕ್ರ ನಿಂತಿದೆ ಅಂತ ಕಣ್ಣಾರೆ ನೋಡೋವರೆಗೂ ಕೈ ಹಾಕ್ಬೇಡಿ

ಮರ ಕಡಿದಾಯ್ತು, ಕೊಂಬೆ ರೆಂಬೆ ಎಲ್ಲಾ ಸಾಗಿಸಿದ್ದೂ ಆಯ್ತು, ಆದ್ರೆ ಬೊಡ್ಡೆ ಮಾತ್ರ ನೆಲದಲ್ಲಿ ಹಾಗೇ ಕೂತಿರುತ್ತೆ. ಹಾರೆ ಗುದ್ದಲಿ ಹಿಡಿದು ಬೇರು ಸಮೇತ ಕೀಳ್ತೀನಿ ಅಂತ ಹೊರಟ್ರೆ ಸೊಂಟ ಹೋಗುತ್ತೆ, ದೊಡ್ಡ ಬೊಡ್ಡೆ ಆದ್ರೆ ಅದೂ ಆಗಲ್ಲ. ಅದಕ್ಕೇ ಜನ ಬೊಡ್ಡೆ ಕೆರೆದು ತೆಗೆಯೋ ಮಷೀನ್, ಅಂದ್ರೆ ಸ್ಟಂಪ್ ಗ್ರೈಂಡರ್, ಬಾಡಿಗೆಗೆ ತರ್ತಾರೆ, ದಿನಾ ಇದೇ ಕೆಲಸ ಮಾಡೋರು ಸ್ವಂತಕ್ಕೇ ಇಟ್ಕೊಂಡಿರ್ತಾರೆ. ತುಂಬಾ ಒಳ್ಳೇ ಮಷೀನ್, ನಾನು ವರ್ಷಗಳಿಂದ ಓಡಿಸ್ತಾ ಇದೀನಿ. ಆದ್ರೆ ಹುಲ್ಲು ಕತ್ತರಿಸೋ ಮಷೀನ್ ತರಾನೇ ಇದೂ ಒಂದು ಅಂದ್ಕೊಂಡು ಚಪ್ಪಲಿ ಹಾಕ್ಕೊಂಡು ಓಡಿಸೋಕೆ ನಿಲ್ಲೋರನ್ನ ನೋಡಿದಾಗ ನಿಜವಾಗ್ಲೂ ಎದೆ ಝಲ್ ಅನ್ನುತ್ತೆ. ಅವರಿಗೋಸ್ಕರ ಇದನ್ನ ಬರೀತಿದೀನಿ.

ಮೊದ್ಲು ಇದು ಹೇಗೆ ಕೆಲಸ ಮಾಡುತ್ತೆ ಅಂತ ಗೊತ್ತಿರ್ಲಿ. ಮುಂದೆ ಒಂದು ದಪ್ಪ ಉಕ್ಕಿನ ಚಕ್ರ ಇರುತ್ತೆ, ಅದರ ಸುತ್ತ ಬೋಲ್ಟ್ ಹಾಕಿ ಬಿಗಿದ ಹಲ್ಲುಗಳು, ಹಲ್ಲಿನ ತುದೀಲಿ ಟಂಗ್‌ಸ್ಟನ್ ಕಾರ್ಬೈಡ್. ಗರಗಸದ ತರ ಕೊಯ್ಯಲ್ಲ ಇದು, ಕೆರೆದು ಕೆರೆದು ಚಕ್ಕೆ ಎಬ್ಬಿಸುತ್ತೆ. ಕಾರ್ಬೈಡ್ ತುಂಬಾ ಗಟ್ಟಿ, ಆದ್ರೆ ಗಾಜಿನ ಗುಣ ಅದಕ್ಕೆ, ಕಲ್ಲಿಗೆ ಜೋರಾಗಿ ಹೊಡೆದ್ರೆ ಚಕ್ಕೆ ಹಾರಿ ಹೋಗುತ್ತೆ. ಮುರಿದ ಆ ಚೂರು ಗುಂಡಿನ ತರ ಯಾವ ಕಡೆ ಬೇಕಾದ್ರೂ ಹೋಗ್ಬಹುದು. ಮುಂದೆ ನಾನು ಹೇಳೋ ಅರ್ಧ ಮಾತು ಇದೊಂದೇ ಕಾರಣಕ್ಕೆ.

ಮಷೀನ್ ಸ್ಟಾರ್ಟ್ ಮಾಡೋಕ್ಕಿಂತ ಮುಂಚೆ ನೆಲದ ಒಳಗೆ ಏನಿದೆ ಅಂತ ವಿಚಾರಿಸಿ. ನೀರಿನ ಪೈಪು, ಗ್ಯಾಸ್ ಪೈಪು, ಕರೆಂಟ್ ಕೇಬಲ್, ಇಂಟರ್ನೆಟ್ ಕೇಬಲ್ ಎಲ್ಲಾ ಬೇರಿನ ಪಕ್ಕದಲ್ಲೇ, ಕೆಲವೊಮ್ಮೆ ಬೇರಿನ ಮಧ್ಯದಲ್ಲೇ ಹಾದು ಹೋಗಿರುತ್ತೆ. ಚಕ್ರ ನೆಲದೊಳಗೆ 6 ರಿಂದ 12 ಇಂಚು ಇಳಿಯುತ್ತೆ, ದೊಡ್ಡ ಮಷೀನ್ ಇನ್ನೂ ಆಳಕ್ಕೆ ಹೋಗುತ್ತೆ. ಪೈಪ್ ಕೇಬಲ್ ಹಾಕಿದ ಇಲಾಖೆ ಅಥವಾ ಕಂಪನಿಯವರನ್ನ ಕರೆಸಿ ಗುರುತು ಹಾಕಿಸ್ಕೊಳ್ಳಿ. ಗುರುತು ಹಾಕಿದ ಗೆರೆ ಹತ್ರ ಮಷೀನ್ ಬೇಡವೇ ಬೇಡ, ಅಲ್ಲಿ ಕೈಯಲ್ಲೇ ಅಗೀಬೇಕು. "ಇಲ್ಲಿ ಏನೂ ಇಲ್ಲ, ನಂಗೊತ್ತು" ಅಂತ ಯಜಮಾನ್ರು ಎಷ್ಟೇ ಹೇಳ್ಲಿ, ನಾನಂತೂ ಒಪ್ಪಲ್ಲ.

ಆಮೇಲೆ ಬೊಡ್ಡೆ ಸುತ್ತ ಎರಡು ಮೂರು ಅಡಿ ಜಾಗ ಕ್ಲೀನ್ ಮಾಡಿ. ಹಾರೆ ತಗೊಂಡು ಸುತ್ತಲೂ ಚುಚ್ತಾ ಹೋಗಿ, ಕಲ್ಲಿದ್ರೆ ಟಣ್ ಅಂತ ಕೈಗೇ ಗೊತ್ತಾಗುತ್ತೆ, ಅದನ್ನ ಕಿತ್ತು ಆಚೆ ಹಾಕಿ. ಬೇಲಿ ಪಕ್ಕದ ಮರ, ತೂಗುಯ್ಯಾಲೆ ಕಟ್ಟಿದ್ದ ಮರ, ಬಟ್ಟೆ ಒಣಗಿಸೋ ತಂತಿ ಕಟ್ಟಿದ್ದ ಮರ ಆದ್ರೆ ಇನ್ನೂ ಹುಷಾರು. ಮರ ಬೆಳೀತಾ ಬೆಳೀತಾ ಮೊಳೆ, ತಂತಿ ಎಲ್ಲಾ ನುಂಗಿಬಿಟ್ಟಿರುತ್ತೆ, ತೊಗಟೆ ಮೇಲಿಂದ ಏನೂ ಕಾಣಲ್ಲ. ಒಂದ್ಸಲ ನಾನು ಹೀಗೇ ಒಂದು ಬೊಡ್ಡೆ ತೆಗೀತಿದ್ದಾಗ ಒಳಗಿಂದ ಕಿರ್ ಅಂತ ಸದ್ದು ಬಂತು, ತಕ್ಷಣ ಚಕ್ರ ಎತ್ತಿ ಆಫ್ ಮಾಡ್ದೆ. ನಿಂತ ಮೇಲೆ ನೋಡಿದ್ರೆ ಮೊಳ ಉದ್ದದ ಮುಳ್ಳುತಂತಿ ಚಕ್ರಕ್ಕೆ ಸುತ್ತಿಕೊಂಡಿದೆ, ಎರಡು ಹಲ್ಲಿನ ತುದಿ ಇಲ್ಲ. ಮುರಿದ ಒಂದು ತುದಿ, ಚಕ್ಕೆ ಹಾರದ ಹಾಗೆ ಚಕ್ರದ ಹತ್ರ ನೇತುಹಾಕಿರೋ ರಬ್ಬರ್ ಪರದೆಯಲ್ಲಿ ಸಿಕ್ಕಿಹಾಕ್ಕೊಂಡಿತ್ತು. ಆ ಪರದೆ ಹರಿದಿದ್ದಿದ್ರೆ ಅದು ನನ್ನ ಮೊಣಕಾಲಿಗೇ ಬರ್ತಿತ್ತು. ಆವತ್ತಿಂದ ಅನುಮಾನ ಇರೋ ಬೊಡ್ಡೆಗೆಲ್ಲಾ ಮೆಟಲ್ ಡಿಟೆಕ್ಟರ್ ಆಡಿಸಿ ನೋಡ್ತೀನಿ, ರಬ್ಬರ್ ಪರದೆ ಸ್ವಲ್ಪ ಸೀಳಿದ್ರೂ ಬದಲಾಯಿಸ್ತೀನಿ.

ಬೊಡ್ಡೆ ಎತ್ತರ ಇದ್ರೆ ಮೊದ್ಲು ಚೈನ್‌ಸಾದಲ್ಲಿ ತಗ್ಗಿಸಿ, ಅದು ಎಷ್ಟು ತಗ್ಗಿದ್ರೆ ಅಷ್ಟು ಪೆಟ್ರೋಲ್ ಉಳಿಯುತ್ತೆ, ಹಲ್ಲೂ ಉಳಿಯುತ್ತೆ. ಆದ್ರೆ ಚೈನ್ ಮಣ್ಣಿಗೆ ತಾಗಿದ್ರೆ ಕ್ಷಣದಲ್ಲಿ ಮೊಂಡಾಗುತ್ತೆ, ಹಾಗಾಗಿ ಎರಡು ಮೂರು ಇಂಚು ಬಿಟ್ಟು ಕೊಯ್ಯಿ.

ಮೈಮೇಲೆ ಏನಿರ್ಬೇಕು ಅಂದ್ರೆ, ಕಣ್ಣಿಗೆ ಸೇಫ್ಟಿ ಕನ್ನಡಕ ಹಾಕಿ ಅದರ ಮೇಲೆ ಮುಖ ಮುಚ್ಚೋ ಶೀಲ್ಡ್ (ಬರೀ ಶೀಲ್ಡ್ ಸಾಲ್ದು, ಕೆಳಗಿಂದ ಚಕ್ಕೆ ನುಗ್ಗುತ್ತೆ), ಕಿವಿಗೆ ಸದ್ದು ತಡೆಯೋ ಮಫ್, ಕಾಲಿಗೆ ಉಕ್ಕಿನ ತುದಿ ಇರೋ ಬೂಟು, ದಪ್ಪ ಬಟ್ಟೆಯ ಉದ್ದ ಪ್ಯಾಂಟು. 85 ಡೆಸಿಬೆಲ್ ದಾಟಿದ ಸದ್ದಲ್ಲಿ ದಿನಾ ದಿನಾ ಕೆಲಸ ಮಾಡಿದ್ರೆ ಕಿವಿ ಹೋಗುತ್ತೆ, ಈ ಮಷೀನ್ ಅದನ್ನ ಸುಲಭವಾಗಿ ದಾಟುತ್ತೆ. ಜೋಲಾಡೋ ಅಂಗಿ, ಶಾಲು, ದುಪಟ್ಟಾ, ಕತ್ತಿನ ಸರ, ಬಿಚ್ಚಿದ ಕೂದಲು ಯಾವ್ದೂ ಬೇಡ. ಗ್ಲೌಸ್ ಕೈಗೆ ಬಿಗಿಯಾಗಿ ಕೂರೋದೇ ಇರ್ಲಿ.

ನೋಡೋಕೆ ಬರೋ ಜನ ಮಾತ್ರ ದೊಡ್ಡ ಸಮಸ್ಯೆ. ಮಷೀನ್ ಸದ್ದು ಕೇಳಿದ್ರೆ ಮಕ್ಕಳು ಓಡ್ಕೊಂಡು ಬರ್ತಾರೆ, ಕಿವಿಗೆ ಮಫ್ ಹಾಕ್ಕೊಂಡಿರೋ ನಿಮಗೆ ಹಿಂದೆ ಯಾರಿದ್ದಾರೆ ಅಂತ ಗೊತ್ತೇ ಆಗಲ್ಲ. ಕಡಿಮೆ ಅಂದ್ರೂ 50 ಅಡಿ ದೂರ ಇರ್ಬೇಕು, ನಾನು 75 ಅಡಿ ಇಟ್ಕೋತೀನಿ, ನಿಮ್ಮ ಮಷೀನ್ ಮ್ಯಾನ್ಯುಯಲ್‌ನಲ್ಲಿ ಇನ್ನೂ ಜಾಸ್ತಿ ಹೇಳಿದ್ರೆ ಅದನ್ನೇ ಪಾಲಿಸಿ. ಹಗ್ಗ ಕಟ್ಟಿ, ಒಬ್ರನ್ನ ನೋಡ್ಕೊಳ್ಳೋಕೆ ನಿಲ್ಲಿಸಿ. ಕಿಟಕಿ, ಕಾರು ಹತ್ರ ಇದ್ರೆ ಮಧ್ಯ ಪ್ಲೈವುಡ್ ಶೀಟ್ ನಿಲ್ಲಿಸಿ.

ಇನ್ನು ಓಡಿಸೋದು. ಹ್ಯಾಂಡಲ್‌ನಲ್ಲಿ ಒಂದು ಲಿವರ್ ಇರುತ್ತೆ, ಕೈ ಬಿಟ್ರೆ ಇಂಜಿನ್ ಆಫ್ ಆಗುತ್ತೆ ಅಥವಾ ಚಕ್ರಕ್ಕೆ ಹೋಗೋ ಶಕ್ತಿ ಕಟ್ ಆಗುತ್ತೆ. ಕೈ ನೋಯುತ್ತೆ ಅಂತ ಅದಕ್ಕೆ ಹಗ್ಗ ಕಟ್ಟೋರು, ಟೇಪ್ ಸುತ್ತೋರು ಇದ್ದಾರೆ. ದಯವಿಟ್ಟು ಮಾಡ್ಬೇಡಿ, ಕಾಲು ಜಾರಿ ಬಿದ್ದಾಗ ನಿಮ್ಮನ್ನ ಉಳಿಸೋದು ಅದೊಂದೇ. ಪ್ರತಿ ದಿನ ಕೆಲಸಕ್ಕೆ ಮುಂಚೆ ಅದು ಸರಿಯಾಗಿ ಕೆಲಸ ಮಾಡ್ತಿದ್ಯಾ ಅಂತ ಬಿಟ್ಟು ನೋಡಿ.

ಚಕ್ರ ಬೊಡ್ಡೆ ಮೇಲೆ, ತಾಗದ ಹಾಗೆ ಇರ್ಬೇಕು, ಆಗ ಸ್ಟಾರ್ಟ್ ಮಾಡಿ. ಇಂಜಿನ್ ಒಂದೆರಡು ನಿಮಿಷ ಬೆಚ್ಚಗಾಗ್ಲಿ. ಚಕ್ರ ಫುಲ್ ಸ್ಪೀಡಿಗೆ ಬಂದ ಮೇಲೇ ಮರಕ್ಕೆ ತಾಗಿಸ್ಬೇಕು, ಅರ್ಧ ಸ್ಪೀಡಲ್ಲಿ ತಾಗಿಸಿದ್ರೆ ಹಲ್ಲು ಕೆರೆಯೋ ಬದಲು ಕಚ್ಚಿಕೊಳ್ಳುತ್ತೆ, ಮಷೀನ್ ಎಗರಿ ಬೀಳುತ್ತೆ. ಬೊಡ್ಡೆ ನಡುವಿಗೆ ನೇರವಾಗಿ ಇಳಿಸ್ಬೇಡಿ, ಚಕ್ರಕ್ಕೆ ಹತ್ರ ಇರೋ ಅಂಚಿಂದ ಶುರು ಮಾಡಿ ಎಡದಿಂದ ಬಲಕ್ಕೆ, ಬಲದಿಂದ ಎಡಕ್ಕೆ ನಿಧಾನವಾಗಿ ತೂಗಾಡಿಸ್ತಾ ಹೋಗಿ. ಸಣ್ಣ ಮಷೀನ್ ಆದ್ರೆ ಒಂದು ಸಲಕ್ಕೆ ಅರ್ಧ ಇಂಚು, ಹೆಚ್ಚಂದ್ರೆ ಒಂದು ಇಂಚು ಇಳಿಸಿ ಸಾಕು, ದೊಡ್ಡದು ಎರಡು ಮೂರು ಇಂಚು ತಡ್ಕೊಳ್ಳುತ್ತೆ. ಇದಕ್ಕೆ ಅಳತೆಗಿಂತ ಕಿವಿ ಮುಖ್ಯ. ಮಫ್ ಹಾಕ್ಕೊಂಡ್ರೂ ಇಂಜಿನ್ನಿನ ಸದ್ದು ಕೈಗೆ, ಮೈಗೆ ಗೊತ್ತಾಗುತ್ತೆ, ಸದ್ದು ಒಂದೇ ಸಮ ಇದ್ರೆ ಸರಿ, ಗುರ್ರ್ ಅಂತ ಕುಸಿದ್ರೆ ನೀವು ಜಾಸ್ತಿ ತಿನ್ನಿಸ್ತಿದ್ದೀರಿ, ಸ್ವಲ್ಪ ಮೇಲೆತ್ತಿ ಉಸಿರಾಡೋಕೆ ಬಿಡಿ. ಬಲವಂತ ಮಾಡಿದ್ರೆ ಬೆಲ್ಟ್ ಸುಡುತ್ತೆ, ಕ್ಲಚ್ ಹೋಗುತ್ತೆ.

ಇಳಿಜಾರಲ್ಲಿ ಕೆಲಸ ಬಂದ್ರೆ ಮ್ಯಾನ್ಯುಯಲ್‌ನಲ್ಲಿ ಎಷ್ಟು ಡಿಗ್ರಿವರೆಗೂ ಓಕೆ ಅಂತ ಇರುತ್ತೆ, ಅದನ್ನ ಮೀರ್ಬೇಡಿ. ಮಷೀನ್‌ಗಿಂತ ತಗ್ಗಿನ ಕಡೆ ಯಾರೂ ನಿಲ್ಬಾರ್ದು, ನೀವೂ ಅಷ್ಟೇ. ಮಳೆ ಬಂದು ನೆಲ ಜಾರ್ತಿದ್ರೆ ನಾಳೆಗೆ ಇಟ್ಕೊಳ್ಳಿ.

ಎಷ್ಟು ಆಳ ತೆಗೀಬೇಕು ಅಂತ ಕೇಳ್ತಾರೆ. ಮೇಲೆ ಹುಲ್ಲು ಬೆಳೆಸೋದಾದ್ರೆ 4 ರಿಂದ 6 ಇಂಚು ಸಾಕು, ಅಲ್ಲೇ ಬೇರೆ ಗಿಡ ನೆಡೋದಾದ್ರೆ 10, 12 ಇಂಚಾದ್ರೂ ಬೇಕು. ಚಕ್ಕೆ ರಾಶಿ ಬಿದ್ದು ಬೊಡ್ಡೆ ಕಾಣದ ಹಾಗಾಗುತ್ತೆ, ಆಗ ಮಷೀನ್ ಆಫ್ ಮಾಡಿ ಚಕ್ಕೆ ಎಳೆದು ಹಾಕ್ಬೇಕು.

ಇಲ್ಲೇ ಜನ ಎಡವೋದು. ಇಂಜಿನ್ ಆಫ್ ಆದ ತಕ್ಷಣ ಚಕ್ರ ನಿಲ್ಲಲ್ಲ, ಅಷ್ಟು ಭಾರದ ಚಕ್ರ ತನ್ನ ವೇಗಕ್ಕೇ ಇನ್ನೂ ಸುಮಾರು ಹೊತ್ತು ತಿರುಗ್ತಾ ಇರುತ್ತೆ. ಸದ್ದು ನಿಂತಿರುತ್ತೆ, ಮಫ್ ತೆಗೆದಿರ್ತೀರಿ, ಕಿವಿಗೆ ನೆಮ್ಮದಿ ಆಗಿರುತ್ತೆ, ಕೆಲಸ ಮುಗೀತು ಅಂತ ಮನಸ್ಸು ಹೇಳುತ್ತೆ, ಆ ಹೊತ್ತಲ್ಲೇ ಕೈ ಹೋಗೋದು. ನನ್ನ ಜೊತೆ ಕೆಲಸಕ್ಕೆ ಬರ್ತಿದ್ದ ಹುಡುಗ ಒಬ್ಬ ಇಂಜಿನ್ ಆಫ್ ಆಗಿದ್ದೇ ತಡ ಬಗ್ಗಿ ಒಂದು ಬೇರಿನ ತುಂಡು ಎಳೆಯೋಕೆ ಹೋದ, ನಾನು ಕಾಲರ್ ಹಿಡಿದು ಹಿಂದಕ್ಕೆ ಎಳೆದೆ, ಅಂಗಿ ಗುಂಡಿ ಕಿತ್ತು ಬಂತು. ಅವನ ಬೆರಳಿಗೂ ಚಕ್ರಕ್ಕೂ ಮಧ್ಯ ಒಂದು ಗೇಣು ಇರ್ಲಿಲ್ಲ. ಆ ರಾತ್ರಿ ನಂಗೆ ನಿದ್ದೆ ಬರ್ಲಿಲ್ಲ.

ಮಾರನೇ ದಿನ ಚಕ್ರದ ಪಕ್ಕಕ್ಕೆ, ನಿಂತಲ್ಲಿಂದ ಕಾಣೋ ಹಾಗೆ, ರೂಪಾಯಿ ಅಗಲದ ಒಂದು ಬಿಳಿ ಬಣ್ಣದ ಚುಕ್ಕೆ ಇಟ್ಟೆ. ತಿರುಗ್ತಿರೋವಾಗ ಅದು ಬಿಳಿ ಗೆರೆ ತರ, ಬಳೆ ತರ ಕಾಣುತ್ತೆ. ನಿಧಾನ ಆಗ್ತಾ ಆಗ್ತಾ ಮಿಣುಕುತ್ತೆ. ಅದು ಒಂಟಿ ಚುಕ್ಕೆಯಾಗಿ ಒಂದೇ ಕಡೆ ನಿಂತ್ರೆ ಮಾತ್ರ ಚಕ್ರ ನಿಂತಿದೆ ಅಂತ ಅರ್ಥ, ಅಲ್ಲೀವರೆಗೂ ಯಾರೂ ಹತ್ರ ಹೋಗಲ್ಲ. ಇದು ಪೈಸೆ ಖರ್ಚಿಲ್ಲದ ಕೆಲಸ, ಸ್ವಂತ ಮಷೀನ್ ಇರೋರು ಇವತ್ತೇ ಮಾಡ್ಕೊಳ್ಳಿ. ಚಕ್ಕೆ ಎಳೆಯೋಕೆ ಆಗ್ಲೂ ಕೈ ಬಳಸ್ಬೇಡಿ, ಕುಂಟೆ ಅಥವಾ ಸಲಿಕೆ ಬಳಸಿ.

ಈಗ ಮೇಂಟೆನೆನ್ಸ್ ವಿಷ್ಯ. ಚಕ್ರದ ಹತ್ರ ಏನೇ ಕೆಲಸ ಇದ್ರೂ ಮೊದ್ಲು ಸ್ಪಾರ್ಕ್ ಪ್ಲಗ್ ವೈರ್ ಕಿತ್ತು ಪ್ಲಗ್ಗಿಗೆ ತಾಗದ ಹಾಗೆ ದೂರ ಇಡಿ, ಕೀ ಇರೋ ಮಷೀನ್ ಆದ್ರೆ ಕೀ ನಿಮ್ಮ ಜೇಬಲ್ಲಿರ್ಲಿ. ಚಕ್ರ ತಿರುಗದ ಹಾಗೆ ಮರದ ತುಂಡು ಸಿಕ್ಕಿಸಿ.

ಹಲ್ಲು ಮೊಂಡಾಗಿದೆ ಅಂತ ಚಕ್ಕೆನೇ ಹೇಳುತ್ತೆ. ಹರಿತ ಇದ್ರೆ ಬೆರಳುಗುರಿನಷ್ಟು ಚಕ್ಕೆ ಬೀಳುತ್ತೆ, ಮೊಂಡಾದ್ರೆ ಹಿಟ್ಟಿನ ತರ ಪುಡಿ, ಜೊತೆಗೆ ಸುಟ್ಟ ವಾಸನೆ, ಹ್ಯಾಂಡಲ್‌ನಲ್ಲಿ ನಡುಕ. ಬಿಸಿಲಿಗೆ ಹಿಡಿದು ಅಂಚು ನೋಡಿ, ಹರಿತವಾದ ಅಂಚು ಬೆಳಕಲ್ಲಿ ಕಾಣೋದೇ ಇಲ್ಲ, ಮೊಂಡಾದ ಅಂಚಲ್ಲಿ ಸಣ್ಣ ಬಿಳಿ ಗೆರೆ ಮಿಂಚುತ್ತೆ. ಕಾರ್ಬೈಡನ್ನ ಸಾಮಾನ್ಯ ಬೂದು ಬಣ್ಣದ ಗ್ರೈಂಡಿಂಗ್ ಕಲ್ಲಲ್ಲಿ ಸಾಣೆ ಹಿಡಿಯೋಕಾಗಲ್ಲ, ಹಸಿರು ಸಿಲಿಕಾನ್ ಕಾರ್ಬೈಡ್ ಕಲ್ಲು ಇಲ್ಲಾ ಡೈಮಂಡ್ ವೀಲ್ ಬೇಕು. ಆ ಧೂಳಲ್ಲಿ ಕೋಬಾಲ್ಟ್ ಇರುತ್ತೆ, ಶ್ವಾಸಕೋಶಕ್ಕೆ ಕೆಟ್ಟದ್ದು, ಒಳ್ಳೇ ಮಾಸ್ಕ್ ಇಲ್ದೆ ಮಾಡ್ಬೇಡಿ. ಚಕ್ಕೆ ಎದ್ದ, ಬಿರುಕು ಬಿಟ್ಟ ಹಲ್ಲನ್ನ ಸಾಣೆ ಹಿಡಿಯೋಕೆ ಹೋಗ್ದೆ ಎಸೆದುಬಿಡಿ.

ಹೊಸ ಹಲ್ಲು ಹಾಕೋವಾಗ ಕೂರೋ ಜಾಗವನ್ನ ವೈರ್ ಬ್ರಷ್ ಹಾಕಿ ಉಜ್ಜಿ, ಸ್ವಲ್ಪ ಮಣ್ಣಿದ್ರೂ ಬೋಲ್ಟ್ ಬಿಗಿ ಅನ್ಸಿ ಆಮೇಲೆ ಸಡಿಲ ಆಗುತ್ತೆ. ಬೋಲ್ಟನ್ನ ಟಾರ್ಕ್ ರೆಂಚಲ್ಲೇ (ಎಷ್ಟು ಬಿಗಿ ಆಯ್ತು ಅಂತ ಅಳೆಯೋ ಸ್ಪ್ಯಾನರ್), ಮ್ಯಾನ್ಯುಯಲ್ ಹೇಳಿದಷ್ಟೇ ಬಿಗೀರಿ. ಕೈಯಲ್ಲಿ ಶಕ್ತಿ ಇದೆ ಅಂತ ಅಂದಾಜಲ್ಲಿ ಬಿಗಿದ್ರೆ ಒಂದೋ ಸಡಿಲ ಉಳಿಯುತ್ತೆ, ಇಲ್ಲಾ ಬೋಲ್ಟ್ ಎಳೆದು ತುಂಡಾಗುತ್ತೆ. ಅರ್ಧ ಗಂಟೆ, ಒಂದು ಗಂಟೆ ಓಡಿಸಿದ ಮೇಲೆ ನಿಲ್ಲಿಸಿ ಮತ್ತೆ ಎಲ್ಲಾ ಬೋಲ್ಟ್ ಚೆಕ್ ಮಾಡಿ. ಇನ್ನೊಂದು, ಒಂದು ಕಡೆ ಹೊಸ ಹಲ್ಲು, ಅದರ ಎದುರು ಕಡೆ ಸವೆದ ಹಲ್ಲು ಇಟ್ರೆ ಚಕ್ರದ ತೂಕ ಏರುಪೇರಾಗಿ ನಡುಗುತ್ತೆ, ನಡುಕ ಬೇರಿಂಗನ್ನ ತಿನ್ನುತ್ತೆ. ಹಾಗಾಗಿ ಎದುರುಬದುರು ಜೋಡಿಯಾಗೇ ಬದಲಾಯಿಸಿ.

ಬೆಲ್ಟ್ ನಡುವಲ್ಲಿ ಬೆರಳಿಂದ ಒತ್ತಿದ್ರೆ ಸಾಮಾನ್ಯವಾಗಿ ಅರ್ಧ ಇಂಚಿನ ಹತ್ರ ಬಗ್ಗುತ್ತೆ, ಸರಿಯಾದ ಅಳತೆ ಮ್ಯಾನ್ಯುಯಲ್‌ನಲ್ಲಿರುತ್ತೆ. ಸಡಿಲ ಇದ್ರೆ ಜಾರಿ ಸುಡುತ್ತೆ, ತೀರಾ ಬಿಗಿ ಇದ್ರೆ ಬೇರಿಂಗ್ ಮೇಲೆ ಭಾರ. ಗ್ರೀಸ್ ಹೊಡೆಯೋ ಮುಂಚೆ ನಿಪ್ಪಲ್ (ಗ್ರೀಸ್ ಒಳಗೆ ಹೋಗೋ ಸಣ್ಣ ಬಾಯಿ) ಒರೆಸಿ, ಇಲ್ಲಾಂದ್ರೆ ಗ್ರೀಸ್ ಜೊತೆ ಮಣ್ಣೂ ಒಳಗೆ ಹೋಗುತ್ತೆ. ಜಾಸ್ತಿ ಹೊಡೆದ್ರೂ ಸೀಲ್ ಕಿತ್ತುಕೊಳ್ಳುತ್ತೆ, ಒಂದೆರಡು ಪಂಪ್ ಸಾಕು.

ಏರ್ ಫಿಲ್ಟರನ್ನ ಯಾರೂ ಲೆಕ್ಕಕ್ಕೇ ಇಟ್ಕೊಳ್ಳಲ್ಲ, ನೋಡಿದ್ರೆ ಇಡೀ ಮಷೀನ್ ಧೂಳಿನ ಮಧ್ಯಾನೇ ಬದುಕೋದು. ದಿನಾ ತೆಗೆದು ನೋಡಿ. ಸ್ಪಂಜಿನದ್ದಾದ್ರೆ ಸೋಪು ನೀರಲ್ಲಿ ತೊಳೆದು ಪೂರ್ತಿ ಒಣಗಿಸಿ, ಪೇಪರಿನದ್ದಾದ್ರೆ ಮೆಲ್ಲಗೆ ಕುಟ್ಟಿ ಕೊಡವಿ, ನೀರು ಪೆಟ್ರೋಲ್ ಎರಡೂ ತಾಗಿಸ್ಬೇಡಿ. ಇಂಜಿನ್ ಆಯಿಲ್ ಪ್ರತಿ ದಿನ ಸಮತಟ್ಟು ಜಾಗದಲ್ಲಿ ನಿಲ್ಲಿಸಿ ನೋಡಿ. ಹೊಸ ಸಣ್ಣ ಇಂಜಿನ್‌ಗಳಲ್ಲಿ ಮೊದಲ ಆಯಿಲ್ ಬೇಗನೇ ಬದಲಾಯಿಸ್ಬೇಕು, ಆಮೇಲೆ 50 ರಿಂದ 100 ಗಂಟೆಗೊಮ್ಮೆ, ಧೂಳು ಜಾಸ್ತಿ ಇದ್ರೆ ಇನ್ನೂ ಮುಂಚೆ.

ಪೆಟ್ರೋಲ್ ಹಾಕೋದು ಇಂಜಿನ್ ತಣ್ಣಗಾದ ಮೇಲೇ. ಸೈಲೆನ್ಸರ್ ಸುತ್ತ, ಇಂಜಿನ್ ಬಿಸಿ ಹೊರಹಾಕೋ ರೆಕ್ಕೆಗಳ ಮಧ್ಯೆ ಒಣ ಪುಡಿ ಕೂತಿರುತ್ತೆ, ಅದಕ್ಕೆ ಬೆಂಕಿ ಹತ್ತೋಕೆ ತುಂಬಾ ಹೊತ್ತು ಬೇಡ. ಬಿಸಿ ಮಷೀನನ್ನ ಚಕ್ಕೆ ರಾಶಿ ಮೇಲೆ ನಿಲ್ಲಿಸ್ಬೇಡಿ. ಮುಚ್ಚಿದ ಶೆಡ್ಡಲ್ಲಿ ಇಂಜಿನ್ ಓಡಿಸ್ಲೇಬೇಡಿ, ಹೊಗೇಲಿರೋ ಕಾರ್ಬನ್ ಮಾನಾಕ್ಸೈಡಿಗೆ ವಾಸನೆ ಇಲ್ಲ, ಗೊತ್ತಾಗೋ ಮುಂಚೆ ಪ್ರಜ್ಞೆ ತಪ್ಪುತ್ತೆ.

ಹೈಡ್ರಾಲಿಕ್ (ಜೋರು ಒತ್ತಡದ ಆಯಿಲಿಂದ ಕೆಲಸ ಮಾಡೋ ವ್ಯವಸ್ಥೆ) ಇರೋ ದೊಡ್ಡ ಮಷೀನ್ ಆದ್ರೆ ಒಂದು ವಿಷ್ಯ ಮರೀಬೇಡಿ, ಪೈಪಲ್ಲಿ ಲೀಕ್ ಎಲ್ಲಿದೆ ಅಂತ ಯಾವತ್ತೂ ಕೈ ಸವರಿ ಹುಡುಕ್ಬೇಡಿ. ಸೂಜಿ ತೂತಿನಷ್ಟು ಲೀಕಿಂದ ಬರೋ ಆಯಿಲ್ ಚರ್ಮ ತೂರಿ ಒಳಗೆ ಹೋಗುತ್ತೆ. ಮೇಲೆ ನೋಡೋಕೆ ಇರುವೆ ಕಚ್ಚಿದಷ್ಟೇ ಗಾಯ, ಆದ್ರೆ ಕೆಲವೇ ಗಂಟೆಗಳಲ್ಲಿ ಆಪರೇಷನ್ ಆಗ್ದಿದ್ರೆ ಬೆರಳು, ಕೈ ತೆಗೀಬೇಕಾಗಿ ಬರ್ಬಹುದು. ರಟ್ಟಿನ ತುಂಡು ಹಿಡಿದು ನೋಡಿ, ಲೀಕ್ ಇದ್ರೆ ಅದರ ಮೇಲೆ ಕಲೆ ಬೀಳುತ್ತೆ. ಯಾರಿಗಾದ್ರೂ ಹಾಗೆ ತಾಗಿದ್ರೆ ನೋವಿಲ್ಲ ಅಂತ ಕೂರ್ಬೇಡಿ, ನೇರ ಆಸ್ಪತ್ರೆಗೆ.

ಗುಂಡಿ ಮುಚ್ಚೋವಾಗ ಬರೀ ಚಕ್ಕೆ ತುಂಬ್ಬೇಡಿ, ಅದು ಕೊಳೆತ ಹಾಗೆ ನೆಲ ಕುಸಿಯುತ್ತೆ, ಕೊಳೆಯೋವಾಗ ಮಣ್ಣಿನ ಸಾರಜನಕವನ್ನೂ ಹೀರ್ಕೊಳ್ಳುತ್ತೆ, ಮೇಲೆ ಹಾಕಿದ ಹುಲ್ಲು ಹಳದಿಯಾಗುತ್ತೆ. ಚಕ್ಕೆ ಆದಷ್ಟು ತೆಗೆದು ಮಣ್ಣು ತುಂಬಿ, ಸ್ವಲ್ಪ ಏರಿಸಿ ತುಳೀರಿ.

ತಿಂಗಳಿಗಿಂತ ಜಾಸ್ತಿ ನಿಲ್ಲಿಸಿಡೋದಾದ್ರೆ ಪೆಟ್ರೋಲ್ ಖಾಲಿ ಮಾಡಿ, ಇಲ್ಲಾಂದ್ರೆ ಪೆಟ್ರೋಲ್ ಕೆಡದ ಹಾಗೆ ನೋಡ್ಕೊಳ್ಳೋ ಸ್ಟೆಬಿಲೈಜರ್ ಹಾಕಿ ಐದು ನಿಮಿಷ ಓಡಿಸಿ, ಹಳೇ ಪೆಟ್ರೋಲ್ ಕಾರ್ಬ್ಯುರೇಟರಲ್ಲಿ ಅಂಟಾಗಿ ಕೂರುತ್ತೆ. ಜೋರು ಪ್ರೆಶರ್ ನೀರನ್ನ ಬೇರಿಂಗಿಗೆ ಹೊಡೀಬೇಡಿ, ಕೊಡವಿ ಒರೆಸಿ ಸಾಕು. ಚಕ್ರವನ್ನ ನೆಲಕ್ಕೆ ಇಳಿಸಿ ನಿಲ್ಲಿಸಿ, ಪ್ಲಗ್ ವೈರ್ ಕಿತ್ತೇ ಇರ್ಲಿ, ಮೇಲೊಂದು ಟಾರ್ಪಾಲು ಹೊದಿಸಿ.