ಚಾಟ್ ಸರ್ವರ್‌ನ ಸರ್ವಿಸ್ ಅಕೌಂಟ್‌ಗೆ ಡೊಮೇನ್ ಅಡ್ಮಿನ್ ಅಧಿಕಾರ ಬೇಡ

ಮೈಸೂರಿನ ಹೆಬ್ಬಾಳ, ಹೂಟಗಳ್ಳಿ ಕಡೆ ಕಂಪನಿಗಳ ನೆಟ್‌ವರ್ಕ್ ನೋಡಿಕೊಳ್ಳುವವರು ದಯವಿಟ್ಟು ಗಮನಿಸಿ. ಓಪನ್‌ಫೈರ್‌ನಂಥ ಚಾಟ್ ಸರ್ವರನ್ನು ಆಕ್ಟಿವ್ ಡೈರೆಕ್ಟರಿಗೆ (ಕಂಪನಿಯ ಬಳಕೆದಾರರು, ಕಂಪ್ಯೂಟರ್‌ಗಳ ಲೆಕ್ಕ ಇಡುವ ಮೈಕ್ರೋಸಾಫ್ಟ್ ವ್ಯವಸ್ಥೆ) ಜೋಡಿಸುವಾಗ, ಬೇಗ ಕೆಲಸ ಮುಗಿಯಲಿ ಅಂತ ಸರ್ವಿಸ್ ಅಕೌಂಟನ್ನು (ಸರ್ವರ್ ತಾನೇ ಬಳಸುವ ಅಕೌಂಟ್) ಇಡೀ ಡೊಮೇನ್, ಅಂದ್ರೆ ಕಂಪನಿಯ ಒಟ್ಟು ನೆಟ್‌ವರ್ಕ್ ಮೇಲೆ ಪೂರ್ತಿ ಅಧಿಕಾರ ಇರುವ ಡೊಮೇನ್ ಅಡ್ಮಿನ್ಸ್ ಗುಂಪಿಗೆ ಸೇರಿಸಿಬಿಡುತ್ತಾರೆ. ಅದು ಬೇಕಾಗಿಯೇ ಇಲ್ಲ. ಬಳಕೆದಾರರ ಹೆಸರು, ಗುಂಪು ಓದಲು ಮಾಮೂಲಿ ಡೊಮೇನ್ ಯೂಸರ್ ಅಕೌಂಟೇ ಸಾಕು. ಸರ್ವಿಸ್ ಅಕೌಂಟ್‌ನ ಪಾಸ್‌ವರ್ಡ್ ಆ ಚಾಟ್ ಸರ್ವರ್‌ನ ಸೆಟಿಂಗ್ಸ್‌ನಲ್ಲೇ ಉಳಿದಿರುತ್ತದೆ. ಅದಕ್ಕೆ ಅಡ್ಮಿನ್ ಅಧಿಕಾರ ಇದ್ದು, ಯಾರಾದರೂ ಆ ಸರ್ವರ್ ಒಳಗೆ ನುಗ್ಗಿದರೆ ಇಡೀ ಡೊಮೇನ್ ಅವರ ಕೈಗೆ ಹೋಗುತ್ತದೆ ಅಲ್ವಾ? ನನಗೆ ಜಾಸ್ತಿ ಭಯ ಇರುವುದು ಇದರ ಬಗ್ಗೆಯೇ.

ಗ್ರೂಪ್ ಪಾಲಿಸಿಯಲ್ಲಿ (ಡೊಮೇನ್‌ನ ಕಂಪ್ಯೂಟರ್‌ಗಳಿಗೆ ಒಟ್ಟಾಗಿ ನಿಯಮ ಹಾಕುವ ಜಾಗ) ಆ ಅಕೌಂಟ್‌ಗೆ ನೇರ ಲಾಗಿನ್, ರಿಮೋಟ್ ಡೆಸ್ಕ್‌ಟಾಪ್ ಎರಡನ್ನೂ ಡಿನೈ ಮಾಡಿ. ಚಾಟ್ ಸರ್ವರ್ ಆಕ್ಟಿವ್ ಡೈರೆಕ್ಟರಿ ಜೊತೆ ಮಾತಾಡಲು ಎನ್‌ಕ್ರಿಪ್ಶನ್ ಇಲ್ಲದ 389 ಪೋರ್ಟ್ ಬದಲು ಎನ್‌ಕ್ರಿಪ್ಶನ್ ಇರುವ 636 ಬಳಸಿ. ಈಗಾಗಲೇ ಅಡ್ಮಿನ್ ಗುಂಪಿಗೆ ಸೇರಿಸಿದ್ದರೆ, ಗುಂಪಿನಿಂದ ತೆಗೆದು ಅಷ್ಟಕ್ಕೇ ಸುಮ್ನಾಗಬೇಡಿ, ಪಾಸ್‌ವರ್ಡನ್ನೂ ಬದಲಿಸಿ.