ಗೋಲಗುಮ್ಮಟದ ಆಕಾಶದಲ್ಲಿ ಎರಡು ಕಪ್ಪು ಚೂರು

ಗೋಲಗುಮ್ಮಟದ ನಾಲ್ಕು ಮೂಲೆಗೂ ಏಳೇಳು ಅಂತಸ್ತಿನ ಗೋಪುರಗಳಿವೆ. ಕ್ಯಾಮೆರಾವನ್ನು ಚೂರು ಮೇಲಕ್ಕೆತ್ತಿದರೂ ಸಾಕು, ಅವು ಒಳಕ್ಕೆ ವಾಲುತ್ತವೆ. ಹಿಂದೆ ಸರಿಯೋಣ ಎಂದರೆ, ಈಗ ಮ್ಯೂಸಿಯಂ ಆಗಿರುವ ನಗಾರಖಾನೆ ಅಡ್ಡ. ಅದಕ್ಕೇ ಶಿಫ್ಟ್ ಹಿಡಿದೆ. ಕ್ಯಾಮೆರಾ ನೆಟ್ಟಗೇ ಇರುತ್ತದೆ, ಲೆನ್ಸ್ ಮಾತ್ರ ಮೇಲಕ್ಕೆ ಜಾರುತ್ತದೆ.

ನನ್ನದು ಫ್ಯೂಜಿ ಜಿಎಫ್‌ಎಕ್ಸ್ ಕ್ಯಾಮೆರಾ. ಸೆನ್ಸರ್ 43.8×32.9 ಮಿ.ಮೀ. ಶಿಫ್ಟ್ ಲೆನ್ಸ್ ಕೊಳ್ಳುವಷ್ಟು ದುಡ್ಡಿರಲಿಲ್ಲ. ಹಳೆಯ ಫಿಲ್ಮ್ ಕ್ಯಾಮೆರಾ ಮಮಿಯಾ 645ರ 45 ಎಂಎಂ ಲೆನ್ಸ್ ಸಿಕ್ಕಿತು, ಜೊತೆಗೆ ಅದನ್ನು ನನ್ನ ಕ್ಯಾಮೆರಾಗೆ ಜೋಡಿಸಿ ಜಾರಿಸಲು ಬಿಡುವ ಒಂದು ಶಿಫ್ಟ್ ಅಡಾಪ್ಟರ್. ಮಮಿಯಾ ಲೆನ್ಸ್ ಫಿಲ್ಮಿನಿಂದ 63.3 ಮಿ.ಮೀ. ದೂರ ಕೂರುತ್ತದೆ, ಜಿಎಫ್‌ಎಕ್ಸ್‌ನಲ್ಲಿ ಆ ಅಂತರ 26.7 ಅಷ್ಟೇ. ನಡುವಿನ ಜಾಗದಲ್ಲಿ ಅಡಾಪ್ಟರ್ ಆರಾಮಾಗಿ ಹಿಡಿಸುತ್ತದೆ. ಲೆನ್ಸ್ ಮಾಡಿದ್ದು 56×41.5 ಮಿ.ಮೀ. ಫಿಲ್ಮಿಗೆ. ಹಾಗಾಗಿ ಅದು ಒಳಗೆ ಬೀಳಿಸುವ ಬೆಳಕಿನ ವೃತ್ತದ ವ್ಯಾಸ ಸುಮಾರು 70 ಮಿ.ಮೀ. ಸೆನ್ಸರಿನ ಮೂಲೆಯಿಂದ ಮೂಲೆಗೆ 55 ಸಾಕು. ಮಿಕ್ಕಿದ್ದೇ ಶಿಫ್ಟಿಗೆ ಬಂಡವಾಳ.

ಅಡಾಪ್ಟರ್ ಮೇಲೆ 15 ಮಿ.ಮೀ.ವರೆಗೆ ಗೆರೆ ಇತ್ತು. ಗೆರೆ ಇದೆ ಅಂದ್ಮೇಲೆ ಸರಿಸಬಹುದು ಅಲ್ವಾ? ಪೂರ್ತಿ ಸರಿಸಿದೆ. ಬಿಸಿಲಿಗೆ ಸ್ಕ್ರೀನ್ ಕಾಣಲಿಲ್ಲ. ಮನೆಗೆ ಬಂದು ನೋಡಿದರೆ ಆಕಾಶದ ಎರಡೂ ಮೂಲೆಯಲ್ಲಿ ಉಗುರು ಕತ್ತರಿಸಿ ಹಾಕಿದಂತೆ ಕಪ್ಪು ಚೂರು. ಸೆನ್ಸರಿನ ಆ ಮೂಲೆಗಳು ಬೆಳಕಿನ ವೃತ್ತದಿಂದ ಹೊರಗೆ ಬಿದ್ದಿದ್ದವು.

ಆಮೇಲೆ ಪೇಪರ್ ಮೇಲೆ ಆ 70 ಮಿ.ಮೀ. ವೃತ್ತ ಬರೆದು, ಸೆನ್ಸರ್ ಅಳತೆಗೆ ರಟ್ಟು ಕತ್ತರಿಸಿ ಜಾರಿಸಿ ನೋಡಿದೆ. ಕ್ಯಾಮೆರಾ ಅಡ್ಡ ಇದ್ದರೆ ಮೇಲಕ್ಕೆ 10.8 ಮಿ.ಮೀ. ಸಿಗುತ್ತದೆ. ನಿಲ್ಲಿಸಿ ಹಿಡಿದರೆ 9 ಮಾತ್ರ. ನಾನು ಹಿಡಿದಿದ್ದು ನಿಲ್ಲಿಸಿಯೇ.

ಆದರೂ ಲೆನ್ಸನ್ನೇ ಒಮ್ಮೆ ಕೇಳೋಣ ಎಂದು ಮನೆಯ ಬಿಳಿ ಗೋಡೆಗೆ ಹಿಡಿದೆ, ಒಂದು ಮೀಟರ್ ದೂರದಿಂದ. ಹತ್ತೂವರೆ ಮಿ.ಮೀ.ವರೆಗೂ ಮೂಲೆ ಸ್ವಚ್ಛ! ಲೆಕ್ಕ ತಪ್ಪಿತೇನೋ ಎಂದು ಖುಷಿಯಾಯಿತು. ತಪ್ಪಿದ್ದು ಲೆಕ್ಕವಲ್ಲ, ಗೋಡೆ. ಹತ್ತಿರಕ್ಕೆ ಫೋಕಸ್ ಮಾಡಿದಾಗ ಲೆನ್ಸ್ ಸೆನ್ಸರಿನಿಂದ ಮುಂದಕ್ಕೆ ಹೋಗುತ್ತದೆ, ವೃತ್ತವೂ ಹಿಗ್ಗುತ್ತದೆ. ಒಂದು ಮೀಟರಿಗೆ ಮೂರು ಮಿ.ಮೀ.ಯಷ್ಟು ಜಾಸ್ತಿ. ಗುಮ್ಮಟ ಒಂದು ಮೀಟರ್ ದೂರದಲ್ಲಿ ಇರುವುದಿಲ್ಲವಲ್ಲ.

ಮಾರನೆಯ ದಿನ ತಾರಸಿಗೆ ಹೋಗಿ ದೂರದ ನೀರಿನ ಟ್ಯಾಂಕಿಗೆ ಫೋಕಸ್ ಮಾಡಿ, ಲೆನ್ಸಿನ ಕಿಂಡಿಯನ್ನು ಎಫ್/11ಕ್ಕೆ ಕಿರಿದು ಮಾಡಿ ಒಂದೊಂದೇ ಮಿ.ಮೀ. ಸರಿಸಿದೆ. 9ರಲ್ಲಿ ಕಪ್ಪಿಲ್ಲ, ಆದರೆ ಮೂಲೆ ಮಬ್ಬು. 8 ಚೆನ್ನಾಗಿತ್ತು. ಬರೀ ಆಕಾಶವಾಗಿದ್ದರೆ 9ಕ್ಕೂ ಹೋಗುತ್ತಿದ್ದೆ, ಆದರೆ ಗೋಪುರದ ತುದಿಗಳು ಬರುವುದೇ ಆ ಮೂಲೆಗಳ ಹತ್ತಿರ. ಹೆಂಡತಿಯ ಕೆಂಪು ನೈಲ್ ಪಾಲಿಶ್ ತಂದು ಅಡಾಪ್ಟರಿನ 8ರ ಮೇಲೆ ಚುಕ್ಕೆ ಇಟ್ಟೆ.

ಎರಡನೇ ಸಲ ವಿಜಯಪುರಕ್ಕೆ ಹೋದಾಗ ಚುಕ್ಕೆ ದಾಟಲಿಲ್ಲ. ಗುಮ್ಮಟದ ತುದಿ ಇನ್ನೂ ಕೂದಲೆಳೆಯಷ್ಟು ಹೊರಗಿತ್ತು. ಕ್ಯಾಮೆರಾವನ್ನು ಒಂದು ಡಿಗ್ರಿ ಮೇಲಕ್ಕೆತ್ತಿ, ಆ ವಾಲನ್ನು ಕಂಪ್ಯೂಟರಿನಲ್ಲಿ ನೆಟ್ಟಗೆ ಮಾಡಿದೆ.